ರೇನರ್ಸ್ ಲೇನಿನಲ್ಲಿ ಎದ್ದು ನಿಂತ ಎಲ್ಗನ್ ಬೆಟ್ಟ

ಬೆಳಗಿನ ಆರು ಇನ್ನೂ ಆಗಿಲ್ಲ. ಲಂಡನ್ನಿನ ರೇನರ್ಸ್ ಲೇನ್ ಸ್ಟೇಷನ್ನಿನ ಹಿಂದೆ, ಹಳಿಗಳಿಗೆ ಬೆನ್ನು ಕೊಟ್ಟು ನಿಂತ ಶೆಡ್ಡುಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲೆದ್ದಿದೆ. ಒಳಗೆ ದೀಪ ಹಾಕಿಲ್ಲ. ಕಿಟಕಿಯ ಬೂದು ಬೆಳಕಿನಲ್ಲಿ, ಸ್ವೆಟರಿನ ಮೇಲೆ ಏಪ್ರನ್ ಕಟ್ಟಿದ ಹೆಂಗಸೊಬ್ಬರು ಮಂಚದಷ್ಟು ದೊಡ್ಡ ಮೇಜಿನ ಮೇಲೆ ಬಾಗಿ, ಕಣ್ಣು ಮುಚ್ಚಿಕೊಂಡು, ಒಂದು ಆರಿದ ಜ್ವಾಲಾಮುಖಿಯನ್ನು ಎರಡೂ ಅಂಗೈಯಿಂದ ಸವರುತ್ತಿದ್ದಾರೆ. ಅಂಗೈ ಬಯಲಿನಿಂದ ಹೊರಡುತ್ತದೆ, ಕಾಡಿಗೆ ಬಂದು ನಿಧಾನವಾಗುತ್ತದೆ, ಬಂಡೆಯ ಅಂಚು ತಾಗಿದಾಗ ನಿಲ್ಲುತ್ತದೆ. ಅಲ್ಲಿ ಅಚ್ಚಿನಿಂದ ಉಳಿದುಬಂದ ತೆಳ್ಳನೆಯ ಪದರವೊಂದಿದೆ. ಉಗುರಿನಿಂದ ಕೆರೆದು ತೆಗೆಯುತ್ತಾರೆ. ಮತ್ತೆ ಬಯಲಿನಿಂದ ಶುರು.

"ಏಳೂವರಿಗೆ ಬಾಜೂಕಿನ ಬಡಿಗ್ಯಾರ ಮಷೀನ್ ಚಾಲೂ ಆಗ್ತೈತ್ರಿ. ಆಮ್ಯಾಲ ಈ ಟೇಬಲ್ ಗಡಗಡ ನಡಗ್ತೈತಿ. ಬೆರಳಿಗೆ ಏನೂ ಕೇಳಂಗಿಲ್ಲ," ಎನ್ನುತ್ತಾರೆ ಗುರುದೇವಿ. ಬೆರಳಿಗೆ ಕೇಳಿಸುತ್ತದೆ ಎಂಬುದನ್ನು ಅವರು ದೊಡ್ಡ ಮಾತಾಗಿ ಹೇಳುವುದಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳಿದ ಹಾಗೆ ಹೇಳಿ, ಮತ್ತೆ ಬಾಗುತ್ತಾರೆ.

ಇದು ಕಣ್ಣು ಕಾಣದವರಿಗಾಗಿ ಮುಟ್ಟಿ ತಿಳಿಯುವ ಮಾದರಿಗಳನ್ನು ತಯಾರಿಸುವ ಪುಟ್ಟ ಕಾರ್ಯಾಗಾರ. ಶಾಲೆಗಳಿಗೆ ಹೃದಯ, ಕಿವಿ, ಸೇತುವೆ. ಚರ್ಚುಗಳಿಗೆ ಅವುಗಳದೇ ಗೋಪುರದ ಗೇಣುದ್ದದ ಪ್ರತಿ. ಈಗ ಮೇಜಿನ ಮೇಲಿರುವುದು ಉಗಾಂಡ ಮತ್ತು ಕೀನ್ಯಾದ ಗಡಿಯಲ್ಲಿ ಕೂತಿರುವ ಎಲ್ಗನ್ ಪರ್ವತ. ಪಶ್ಚಿಮ ಲಂಡನ್ನಿನ ಒಂದು ಚಿಕ್ಕ ವಸ್ತುಸಂಗ್ರಹಾಲಯ ತನ್ನ ಭೂಗೋಳದ ಕೋಣೆಯ ನಡುಮಧ್ಯದಲ್ಲಿ ಇಡಲು ಇದನ್ನು ಕೇಳಿದೆ. ಆದರೆ ಒಂದು ಶರತ್ತು. ಕಣ್ಣು ಕಾಣದವರದೇ ಒಂದು ತಂಡ ಬಂದು ಮುಟ್ಟಿ, ಸರಿ ಎನ್ನಬೇಕು. ಇಲ್ಲವಾದರೆ ಆ ಜಾಗಕ್ಕೆ ದೊಡ್ಡದೊಂದು ಟಿವಿ ಪರದೆ ಬರುತ್ತದೆ. ಪರದೆಯನ್ನು ಎಷ್ಟು ಸವರಿದರೂ ಗಾಜೇ.

ಮೂರು ವಾರಗಳ ಹಿಂದೆ ತಂಡ ಬಂದು ನೋಡಿ, ಬೇಡ ಎಂದು ಹೋಗಿದೆ. ಇವತ್ತು ಹನ್ನೊಂದು ಗಂಟೆಗೆ ಮತ್ತೆ ಬರಲಿದೆ. ಇದು ಕೊನೆಯ ಅವಕಾಶ. ಗುರುದೇವಿಯವರಿಗೆ ಇದು ಇನ್ನೊಂದು ಕಾರಣಕ್ಕೂ ದೊಡ್ಡ ದಿನ. ಇಷ್ಟು ವರ್ಷ ಅವರು ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡಿದವರು. ಬುಡದಿಂದ ತುದಿಯವರೆಗೆ ತಾವೇ ಮಾಡಿದ್ದು ಈ ಬೆಟ್ಟವೊಂದನ್ನೇ.

ಗುರುದೇವಿಯವರ ಊರು ವಿಜಯಪುರ ಜಿಲ್ಲೆಯ ಬಸವನಬಾಗೇವಾಡಿಯ ಹತ್ತಿರ. ಗಂಡ ವೀರಭದ್ರ ಹೀತ್ರೂ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಕೆಲಸಕ್ಕಿದ್ದಾರೆ. ಮನೆ ಹೌನ್ಸ್ಲೋದ ಎರಡನೇ ಮಹಡಿಯ ಫ್ಲಾಟ್. ಬಂದ ಹೊಸದರಲ್ಲಿ ಗುರುದೇವಿ ವಿಮಾನಗಳಿಗೆ ಊಟ ತುಂಬುವ ಅಡುಗೆಮನೆಯಲ್ಲಿ ತಟ್ಟೆಗಳಿಗೆ ಫಾಯಿಲ್ ಮುಚ್ಚುತ್ತಿದ್ದರು. ಅಲ್ಲಿನ ಚಳಿಗೆ ಭುಜ ಹಿಡಿದುಕೊಂಡಿತು. ಜಿಪಿ ಡಾಕ್ಟರು ಮಾತ್ರೆ ಬರೆದುಕೊಟ್ಟು, ಕೆಲಸ ಬದಲಿಸಿ ಎಂದರು. ಬದಲಿಸಿದ್ದು ಕಸ ಗುಡಿಸುವ ಕೆಲಸಕ್ಕೆ. ಈ ಶೆಡ್ಡುಗಳ ಸಾಲನ್ನು ಒಂದರ ನಂತರ ಒಂದರಂತೆ ಗುಡಿಸಿ ಒರೆಸುವುದು.

ಕಾರ್ಯಾಗಾರದ ಮಾಲೀಕ ರಾಮಪ್ರಸಾದ್ ಮೈಸೂರಿನವರು. ಮೊದಲು ಕಟ್ಟಡಗಳ ಮಾದರಿ ಮಾಡುತ್ತಿದ್ದವರು. ಒಂದು ದಿನ ಮುರಿದ ಮಾದರಿಗಳ ಪೆಟ್ಟಿಗೆಯೊಂದನ್ನು ತೋರಿಸಿ, ಇದನ್ನು ಹೊರಗೆ ಬಿಸಾಕಿ ಎಂದು ಹೇಳಿ ಮನೆಗೆ ಹೋದರು. ಮುಂದಿನ ವಾರ ಬಂದು ನೋಡಿದರೆ ಪೆಟ್ಟಿಗೆ ಖಾಲಿ. ಮುರಿದದ್ದೆಲ್ಲ ಮೂಳೆ ಕೂಡಿಕೊಂಡು ಕಪಾಟಿನ ಮೇಲೆ ಕೂತಿತ್ತು.

"ಅಲ್ಲಮ್ಮ, ಬಿಸಾಕಿ ಅಂದಿದ್ನಲ್ಲ ಅಂದೆ," ಎಂದು ರಾಮಪ್ರಸಾದ್ ನೆನೆಯುತ್ತಾರೆ. "ಅದಕ್ಕೆ ಈಯಮ್ಮ, ಬಿಸಾಕಾಕ ಮನಸ್ಸ ಬರ್ಲಿಲ್ರಿ, ನೀವ ಬಿಸಾಕ್ರಿ, ಅಂತ ಪೊರಕೆ ನನ್ನ ಕೈಗೇ ಕೊಟ್ರು."

ಪೊರಕೆ ಮರಳಿ ಗುರುದೇವಿಯವರ ಕೈಗೆ ಹೋಗಲಿಲ್ಲ. ಅಂದಿನಿಂದ ಅವರು ಇಲ್ಲಿಯ ರಿಪೇರಿಯವರು. ಶಾಲೆಗಳಿಂದ ಕಿವಿ ಮುರಿದು ಬರುತ್ತದೆ, ಸೇತುವೆ ಕುಸಿದು ಬರುತ್ತದೆ. ಅವರ ಮೇಜಿನಿಂದ ಎಲ್ಲವೂ ನೆಟ್ಟಗಾಗಿ ಹೊರಡುತ್ತವೆ. ಪ್ಲಾಸ್ಟರಿನ ಪುಡಿ ಕೈಯ ತೇವವನ್ನೆಲ್ಲ ಕುಡಿದುಬಿಡುವುದರಿಂದ ಚಳಿಗಾಲದಲ್ಲಿ ಬೆರಳ ತುದಿ ಸೀಳುತ್ತದೆ. ಸೀಳಿದ ಬೆರಳಿಗೆ ಕಾಡು ಯಾವುದು ಹುಲ್ಲು ಯಾವುದು ತಿಳಿಯುವುದಿಲ್ಲ. ಹಾಗಾಗಿ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿಯ ಕೈಗವಸು ಹಾಕಿಕೊಂಡು ಮಲಗುತ್ತಾರೆ. "ಮಗಳು ಸಾನ್ವಿ ನಗ್ತಾಳ್ರಿ. ಮಮ್, ಯೂ ಲುಕ್ ಲೈಕ್ ಅ ಸರ್ಜನ್ ಅಂತಾಳ. ಅಂದ್ರ ಅನ್ನಲಿ, ಸರ್ಜನ್‌ಗಿಂತ ಒಂದು ಕೈ ಹೆಚ್ಚ ಅದೀನಿ ಅಂತೀನಿ."

ಎಲ್ಗನ್ ಬಂದಾಗ ರಾಮಪ್ರಸಾದ್ ಅದನ್ನು ಪೂರ್ತಿ ಗುರುದೇವಿಯವರಿಗೇ ಒಪ್ಪಿಸಿದರು. ಅದು ಸುಲಭದ ಬೆಟ್ಟವಲ್ಲ. ಚಿತ್ರಗಳಲ್ಲಿ ಮಕ್ಕಳು ಬರೆಯುವ ತ್ರಿಕೋನದ ಬೆಟ್ಟ ಅಲ್ಲವೇ ಅಲ್ಲ. ಕೋಟ್ಯಂತರ ವರ್ಷಗಳ ಹಿಂದೆ ತೆಳ್ಳನೆಯ ಲಾವಾ ದೂರ ದೂರಕ್ಕೆ ಹರಿದು, ಪದರದ ಮೇಲೆ ಪದರ ಬಿದ್ದು ಎದ್ದದ್ದು. ಬುಡ ಎಂಬತ್ತು ಕಿಲೋಮೀಟರಿನ ಆಸುಪಾಸು ಹರಡಿದೆ. ಅದರ ಎದುರು ಎತ್ತರ ಏನೂ ಅಲ್ಲ. ಅತಿ ಎತ್ತರದ ಶಿಖರ ವಗಗೈ ಕೂಡ ನಾಲ್ಕು ಸಾವಿರದ ಮುನ್ನೂರು ಮೀಟರು ಚಿಲ್ಲರೆ. ಒಡಲ ಬೆಂಕಿಯನ್ನೆಲ್ಲ ಉಗುಳಿ ಖಾಲಿಯಾದ ಮೇಲೆ ತಲೆ ಒಳಕ್ಕೆ ಕುಸಿದು ಅಲ್ಲೊಂದು ಭಾರೀ ಬಟ್ಟಲು ಉಳಿಯಿತು. ಆ ಬಟ್ಟಲಿನ ಅಂಚಿನಲ್ಲಿ ಶಿಖರಗಳು ಹಲ್ಲಿನಂತೆ ನಿಂತಿವೆ. ಬೆಂಕಿ ಆರಿ ಎಷ್ಟು ಕಾಲವಾಯಿತೆಂದರೆ, ಈಗ ಅಲ್ಲಿ ಆಳುವುದು ನೀರು.

ಇದನ್ನು ಸಣ್ಣದಾಗಿ ಮಾಡಿದರೆ ಕೈಗೆ ಸಿಗುವುದು ಮಗುಚಿಟ್ಟ ತಟ್ಟೆ. ಹಾಗೆಂದು ಎತ್ತರವನ್ನು ಎಳೆದು ಎಳೆದು ಹಿಗ್ಗಿಸಿದರೆ ಸುಳ್ಳು. ಎತ್ತರವನ್ನು ಎರಡು ಪಟ್ಟು ಮಾತ್ರ ಮಾಡಿ, ಬೆಟ್ಟವನ್ನೇ ಆಳುದ್ದ ಅಗಲಿಸುವುದೆಂದು ಕೊನೆಗೆ ಇಬ್ಬರೂ ಕೂತು ತೀರ್ಮಾನಿಸಿದರು. ಆಗ ಬಯಲಿನಲ್ಲಿ ನಿಂತವರ ಕೈ ಸುಲಭವಾಗಿ ಬಟ್ಟಲನ್ನು ಮುಟ್ಟುವುದಿಲ್ಲ. ಬಾಗಬೇಕು, ಹಿಮ್ಮಡಿ ಎತ್ತಬೇಕು, ಭುಜ ಚಾಚಬೇಕು. "ಬೆಟ್ಟ ಅಂದ್ರ ಮೈಗೆ ಒಂಚೂರರೆ ತ್ರಾಸ ಆಗ್ಬೇಕಲ್ರಿ," ಎನ್ನುತ್ತಾರೆ ಗುರುದೇವಿ.

ಬೆಟ್ಟದ ಒಡಲ ಆಕಾರವನ್ನು ಯಂತ್ರ ಥರ್ಮೋಕೋಲಿನಂಥ ನೊರೆಹಲಗೆಯಲ್ಲಿ ಕೊರೆದುಕೊಟ್ಟಿತು, ಎರಡು ತುಂಡಾಗಿ. ಅದರ ಮೈಮೇಲಿನ ಕಾಡು ಮೇಡು ಗುರುದೇವಿಯವರದು. ಅದಕ್ಕೆ ಬೇಕಾದ್ದೆಲ್ಲ ಸ್ಟೇಷನ್ ಎದುರಿನ ದಿನಸಿ ಅಂಗಡಿಯಲ್ಲೇ ಸಿಕ್ಕಿತು. ತಪ್ಪಲಿನ ದಟ್ಟ ಕಾಡಿಗೆ ಜೋಳ. ಅದರ ಮೇಲಿನ ಬಿದಿರಿನ ಪಟ್ಟಿಗೆ ಜೀರಿಗೆ, ಒಂದೊಂದನ್ನೇ ನಿಲ್ಲಿಸಿ ಅಂಟಿಸಿದ್ದು. ಇನ್ನೂ ಮೇಲಿನ ಕುರುಚಲು ಹುಲ್ಲಿಗೆ ಗಸಗಸೆ. ಅದರ ನಡುವೆ ಮನುಷ್ಯರಿಗಿಂತ ಎತ್ತರ ಬೆಳೆಯುವ ದೈತ್ಯ ಲೊಬೀಲಿಯ ಗಿಡಗಳಿಗೆ ಅಲ್ಲೊಂದು ಇಲ್ಲೊಂದು ಸಾಬೂದಾನಿ. ಬಂಡೆಯನ್ನು ಬೋಳಾಗಿ, ಚೂಪಾಗಿ ಬಿಟ್ಟರು. ಕೀನ್ಯಾದ ಕಡೆಯ ಇಳಿಜಾರಿನಲ್ಲಿ ತೋರುಬೆರಳು ಹೋಗುವಷ್ಟು ಒಂದು ಗುಹೆ. ಆನೆಗಳು ಕತ್ತಲಲ್ಲಿ ಒಳಗೆ ನಡೆದು, ಕೊಂಬಿನಿಂದ ಗೋಡೆ ಕೆರೆದು ಉಪ್ಪು ನೆಕ್ಕುವ ಗುಹೆ. ಗೋಡೆಯಲ್ಲಿ ಕೊಂಬಿನ ಗೀರುಗಳೂ ಇವೆ. ಎಲ್ಲ ಮುಗಿದ ಮೇಲೆ ಅಚ್ಚು ತೆಗೆದು, ರೆಸಿನ್ ಎಂಬ ಗಟ್ಟಿ ರಾಳದಲ್ಲಿ ಎರಕ ಹೊಯ್ದರು. "ಅಂಗಡಿಯಂವ ಕೇಳ್ತಿದ್ದ, ಅಕ್ಕಾರ, ಎಷ್ಟು ಮಂದಿಗೆ ಊಟ ಐತ್ರಿ ಅಂತ. ಒಂದ ಬೆಟ್ಟಕ್ಕಪಾ ಅಂದೆ."

ಮೊದಲ ಸಲ ತಂಡ ಬಂದ ದಿನ ಎಲ್ಲ ಚೆನ್ನಾಗಿಯೇ ಶುರುವಾಯಿತು. ತಂಡದ ಮುಖ್ಯಸ್ಥೆ ಕಾಮಾಕ್ಷಿ ಹುಟ್ಟಿನಿಂದ ಕಣ್ಣು ಕಾಣದವರು. ಬೆಂಗಳೂರಿನ ಐಟಿ ಕಂಪನಿಯೊಂದರ ಮೂಲಕ ಲಂಡನ್ನಿಗೆ ಬಂದು ಈಗ ಹ್ಯಾರೋದಲ್ಲಿ ನೆಲೆಸಿದ್ದಾರೆ. ನಾಲಿಗೆಗೆ ಮುಲಾಜಿಲ್ಲ ಎಂದು ಹೆಸರಾದವರು. ಬಿದಿರಿನ ಪಟ್ಟಿಗೆ ಬಂದದ್ದೇ ಅವರ ಕೈ ನಿಂತಿತು.

"ಗುರುದೇವಿಯವ್ರೇ, ಇದು ಜೀರಿಗೆ ಅಲ್ವಾ?"

"ಹೌದ್ರಿ. ಅಲ್ಲೆ ಬಿದಿರ ಮೆಳಿ."

"ನಮ್ಮತ್ತೆ ಕೈಗೆ ಮಾತ್ರ ಇದನ್ನ ಕೊಡ್ಬೇಡಿ. ಬೆಟ್ಟಕ್ಕೇ ಒಗ್ಗರಣೆ ಹಾಕ್ಬಿಡ್ತಾರೆ."

ಅದನ್ನೇ ಇಂಗ್ಲಿಷಿನಲ್ಲೂ ಹೇಳಿದಾಗ ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಮಿಸೆಸ್ ಚೆಬೆಟ್, ನಿವೃತ್ತ ನರ್ಸ್. ಕೆಲವು ವರ್ಷಗಳ ಹಿಂದೆ ದೃಷ್ಟಿ ಕಳೆದುಕೊಂಡವರು. ಅವರು ಹುಟ್ಟಿದ್ದು ಈ ಬೆಟ್ಟದ ಬುಡದ ಸುವಾಮ್ ಎಂಬ ಊರಿನಲ್ಲಿ. ಆ ಹೆಸರಿನದೇ ನದಿ ಊರಿನ ಪಕ್ಕದಲ್ಲಿ ಹರಿಯುತ್ತದೆ. ಅವರ ಬೆರಳು ಬಟ್ಟಲಿನ ಅಂಚಿನ ಸುತ್ತ ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು. ಮೂರನೆಯ ಸಲ ಪೂರ್ವದ ಕಡೆ ನಿಂತು, ಅದೇ ಜಾಗವನ್ನು ತಡಕಿತು.

"ನನ್ನ ನದಿ ಎಲ್ಲಿ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಮಳೆ ಈ ಬಟ್ಟಲಿಗೆ ಬೀಳುತ್ತೆ. ನೀವು ಸುತ್ತಲೂ ಗೋಡೆ ಕಟ್ಟಿದ್ದೀರಿ. ಹೊರಗೆ ಹೋಗಲು ದಾರಿಯೇ ಇಲ್ಲ. ಹಾಗಾದರೆ ನಾನು ಇಪ್ಪತ್ತು ವರ್ಷ ನೀರು ಹೊತ್ತದ್ದು ಎಲ್ಲಿಂದ?"

ಕಾಮಾಕ್ಷಿ ಬೆರಳಿಟ್ಟು ಸುತ್ತು ಬಂದರು. ಅಂಚು ಎಲ್ಲೂ ಕಡಿದಿರಲಿಲ್ಲ; ಬಳೆಯ ಹಾಗೆ ಪೂರ್ತಿಯಾಗಿತ್ತು. "ಸಾರಿ ಗುರುದೇವಿಯವ್ರೇ," ಎಂದರು. "ಮಿಕ್ಕಿದ್ದೆಲ್ಲ ಸಖತ್ತಾಗಿದೆ. ಆದ್ರೆ ಇದು ಎಲ್ಗನ್ ಅಲ್ಲ. ಇದು ಸ್ನಾನದ ಟಬ್ಬು."

ಅಂಚು ಮುಚ್ಚಿದ್ದು ಗುರುದೇವಿಯವರೇ. ಯಂತ್ರ ಕೊರೆದುಕೊಟ್ಟ ನೊರೆಹಲಗೆಯಲ್ಲಿ ಪೂರ್ವದ ಕಡೆ ಅಂಚು ಸೀಳಿತ್ತು. ಬೆಟ್ಟದಲ್ಲಿ ಇರುವುದೇ ಹಾಗೆ. ಬಟ್ಟಲಿನ ನೀರನ್ನೆಲ್ಲ ಹೊತ್ತು ಸುವಾಮ್ ನದಿ ಆ ಗೋಡೆಯನ್ನು ಕಡಿದು, ಕಡಿದಾದ ಕಮರಿ ತೋಡಿ, ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲೇ ಕೆಳಗಿಳಿಯುತ್ತದೆ. ಆದರೆ ಎರಡು ತುಂಡುಗಳ ಬೆಸುಗೆಯೂ ಸರಿಯಾಗಿ ಅಲ್ಲೇ ಬಂದಿತ್ತು. ಬೆಸುಗೆಯಲ್ಲಿ ಮೂಲೆ ಮುರಿದಿದೆ ಎಂದುಕೊಂಡ ಗುರುದೇವಿ ಅದನ್ನು ತುಂಬಿದರು. ತುಂಬಿ, ಸವರಿ, ಗಸಗಸೆಯನ್ನೂ ಹಚ್ಚಿದರು.

ಅವರ ಕಡೆಯ ಮನೆಗಳಿಗೆ ಮಣ್ಣಿನ ಮಾಳಿಗೆಯೇ ಛಾವಣಿ. ಬೇಸಿಗೆಯಲ್ಲಿ ಮಾಳಿಗೆ ಬಿರುಕು ಬಿಡುತ್ತದೆ. ಮಿರಗ, ಅಂದರೆ ಮೃಗಶಿರಾ ಮಳೆ ಬರುವುದರೊಳಗೆ ಮನೆಯ ಹೆಂಗಸರು ಮೇಲೆ ಹತ್ತಿ, ಒಂದು ಬಿರುಕನ್ನೂ ಬಿಡದೆ ನೀರು ಹೀರದ ಕರಲು ಮಣ್ಣು ಮೆತ್ತಬೇಕು. ಬಿಟ್ಟ ಬಿರುಕು ಮಳೆಗಾಲದಲ್ಲಿ ಹಾಸಿಗೆಯ ಮೇಲೆ ಸೋರುತ್ತದೆ. "ಸೀಳಿದ್ದ ಕಂಡ್ರ ನಮ್ಮ ಕೈ ಸುಮ್ಮ ಕೂಡಂಗಿಲ್ರಿ," ಎಂದು ಗುರುದೇವಿ ಅಂಗೈ ಬಿಡಿಸಿ ತೋರಿಸುತ್ತಾರೆ. "ಬೆಟ್ಟಾನೂ ಸೋರಬಾರದು ಅಂತ ಮೆತ್ತಿಬಿಟ್ಟೆ. ಅದು ಸೋರಿದ್ದಕ್ಕ ಆಕಿ ಊರ ಬದುಕೇತಿ ಅಂತ ನನಗೇನ ಗೊತ್ತು?"

ಹೊಸದಾಗಿ ಅಚ್ಚು ಮಾಡಿ ಎರಕ ಹೊಯ್ಯಲು ಸಮಯವಿರಲಿಲ್ಲ. ಇರುವ ಎರಕವನ್ನೇ ಒಡೆಯಬೇಕಿತ್ತು. ರಾಳ ಗಾಜಿನಷ್ಟು ಗಟ್ಟಿ. ತಪ್ಪಿ ಹೊಡೆದರೆ ಬಿರುಕು ಬಟ್ಟಲನ್ನೇ ದಾಟಿ ಓಡುತ್ತದೆ, ಬೆಟ್ಟ ಎರಡಾಗುತ್ತದೆ. ಯಂತ್ರದಿಂದ ತಾವೇ ಕೊಯ್ದುಕೊಡುತ್ತೇನೆಂದು ರಾಮಪ್ರಸಾದ್ ಮುಂದೆ ಬಂದರು.

"ಬ್ಯಾಡ್ರಿ," ಎಂದರು ಗುರುದೇವಿ. "ಮುಚ್ಚಿದಾಕಿ ನಾನು. ಬಿಡಿಸಾಕಿನೂ ನಾನ."

"ಕೈ ನಡುಗಿದ್ರೆ?"

"ನಡಗಿದ್ರ ಮ್ಯೂಸಿಯಮ್ಮಿನವ್ರ ಟಿವಿ ಐತೆಲ್ರಿ, ತಂದ ಇಡ್ಲಿ."

ಮರುದಿನ ಬೆಳಿಗ್ಗೆ ಅವರು ಉಳಿ ಹಿಡಿಯಲಿಲ್ಲ, ಕೆಟಲ್ ಹಿಡಿದರು. ತಣ್ಣೀರು ತುಂಬಿ ತಂದು ಬಟ್ಟಲಿಗೆ ನಿಧಾನವಾಗಿ ಸುರಿದರು. ಮೆತ್ತಿದ ಮಾಳಿಗೆಯ ಮೇಲೆ ಒಂದು ಕೊಡ ನೀರು ಸುರಿದು, ಅದು ಯಾವ ಕಡೆ ಓಡುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡುವುದು ಅವರ ಊರಿನ ರೂಢಿ. ಇಲ್ಲಿಯೂ ಅದನ್ನೇ ಮಾಡಿದರು. ನೀರು ಒಮ್ಮೆ ಪಶ್ಚಿಮಕ್ಕೆ ಒಲೆದು, ಮನಸ್ಸು ಬದಲಿಸಿದಂತೆ ಪೂರ್ವಕ್ಕೆ ಸರಿದು, ಮುಚ್ಚಿದ ಗೋಡೆಗೆ ಹಣೆ ಇಟ್ಟು ನಿಂತಿತು. ನೀರು ನಿಂತ ಗೆರೆಯನ್ನು ಪೆನ್ಸಿಲಿನಿಂದ ಗುರುತು ಮಾಡಿದರು. ಆಮೇಲೆ ಉಳಿ ಬಂತು. ಒಂದು ಏಟು, ಮತ್ತೆ ನೀರು. ಇನ್ನೊಂದು ಏಟು, ಮತ್ತೆ ನೀರು. ದಿನಕ್ಕೆ ಇಷ್ಟಿಷ್ಟೇ, ಬಡಗಿಯ ಯಂತ್ರ ಶುರುವಾಗುವವರೆಗೆ ಮಾತ್ರ.

ಒಂದು ಮುಂಜಾನೆ ಗೋಡೆ ತೆರೆಯಿತು. ನೀರು ಸದ್ದಿಲ್ಲದೆ ಸೀಳಿನಲ್ಲಿ ಇಳಿದು, ಜೀರಿಗೆಯ ಬಿದಿರನ್ನು ಬಳಸಿ, ಜೋಳದ ಕಾಡನ್ನು ಸೀಳಿ, ಬಯಲಿಗೆ ಬಂದು, ಮೇಜಿನ ಅಂಚಿನಿಂದ ಗುರುದೇವಿಯವರ ಬೂಟಿನ ಮೇಲೆ ಬಿತ್ತು. "ಕಾಲ್ಚೀಲ ಎಲ್ಲಾ ತೋಯ್ದು ಹ್ವಾದ್ವು. ಹಂಗ ನಿಂತಿದ್ನಿ. ಏನ ಚಂದ ಹರೀತ್ರಿ ಅದು," ಎನ್ನುವಾಗ ಅವರ ಮುಖ ಪೂರ್ತಿ ತೆರೆದುಕೊಳ್ಳುತ್ತದೆ. ಆ ಹರಿದ ದಾರಿಯನ್ನೇ ಹಿಡಿದು, ಬಯಲಿನವರೆಗೂ, ಬೆರಳು ಜಾರುವಷ್ಟು ಕಾಲುವೆ ಕೊರೆದರು.

ಈಗ ಹನ್ನೊಂದು ಗಂಟೆ. ಪಕ್ಕದ ಬಡಗಿ ತಾನಾಗಿಯೇ ಯಂತ್ರ ನಿಲ್ಲಿಸಿ, ಚಹಾದ ಮಗ್ ಹಿಡಿದು ಶಟರಿನ ಬಳಿ ಬಂದು ನಿಂತಿದ್ದಾನೆ. ಸಂಗ್ರಹಾಲಯದ ಅಧಿಕಾರಿಯೂ ಬಂದಿದ್ದಾರೆ. ಗುರುದೇವಿ ಮೇಜಿನಿಂದ ದೂರ, ಸಿಂಕಿನ ಹತ್ತಿರ, ಆಗಲೇ ತೊಳೆದ ಕುಂಚವನ್ನು ಮತ್ತೆ ತೊಳೆಯುತ್ತಿದ್ದಾರೆ.

ಕಾಮಾಕ್ಷಿ ಕೋಟಿನ ತೋಳು ಮಡಿಚಿ, "ಮೊದಲು ಮಿಸೆಸ್ ಚೆಬೆಟ್ ನೋಡ್ಲಿ. ಊರು ಅವರದು," ಎನ್ನುತ್ತಾರೆ.

ಮಿಸೆಸ್ ಚೆಬೆಟ್ ಪೂರ್ವದ ಬದಿಗೆ ಬಂದು ನಿಲ್ಲುತ್ತಾರೆ. ಬಾಗಿ, ತೋಳು ಚಾಚಿ, ಹಿಮ್ಮಡಿ ಎತ್ತಿ ಬಟ್ಟಲನ್ನು ಹುಡುಕುತ್ತಾರೆ. ಬೆರಳು ಅಂಚನ್ನು ಹಿಡಿದು ನಡೆಯುತ್ತದೆ. ಒಂದು ಕಡೆ ತಟ್ಟನೆ ಅಂಚು ಕೈಕೊಡುತ್ತದೆ. ಬೆರಳು ಸೀಳಿನೊಳಕ್ಕೆ ಇಳಿಯುತ್ತದೆ. ಕಮರಿಯ ಎರಡೂ ಗೋಡೆ ತಾಗಿಸಿಕೊಂಡು, ಬಿದಿರು ದಾಟಿ, ಕಾಡು ದಾಟಿ ಕೆಳಗೆ ಕೆಳಗೆ ಬರುತ್ತದೆ. ಬಯಲಿಗೆ ಸ್ವಲ್ಪ ಮೊದಲೇ, ಕಾಲುವೆ ಎಡಕ್ಕೆ ತುಸು ತಿರುಗುವಲ್ಲಿ, ನಿಲ್ಲುತ್ತದೆ.

"ಇಲ್ಲಿ ನಮ್ಮ ಶಾಲೆ," ಎನ್ನುತ್ತಾರೆ ಅವರು. ಹೆಬ್ಬೆರಳನ್ನು ನದಿಯ ಇನ್ನೊಂದು ದಡದಲ್ಲಿ ಊರುತ್ತಾರೆ. "ಇಲ್ಲಿ ನಮ್ಮ ಮನೆ. ಮಳೆ ಬಂದರೆ ಶಾಲೆಗೆ ರಜೆ, ಯಾಕೆಂದರೆ ಇದನ್ನು ದಾಟೋಕಾಗ್ತಿರಲಿಲ್ಲ." ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ನದಿಯನ್ನು ಹಿಡಿದುಕೊಂಡು ಅವರು ನಗಲು ಶುರುಮಾಡುತ್ತಾರೆ. "ಎಷ್ಟೊಂದು ರಜೆ ಕೊಟ್ಟಿದೆ ಇದು ನನಗೆ."

ಕಾಮಾಕ್ಷಿಯ ಸರದಿ. ಅವರು ಬೆಟ್ಟವನ್ನೆಲ್ಲ ಸುತ್ತಿ, ಗುಹೆಗೆ ಬೆರಳಿಟ್ಟು, ವಗಗೈ ಹತ್ತಿ ಇಳಿದು, ಕೊನೆಗೆ ಸೀಳಿಗೆ ಬರುತ್ತಾರೆ. ಬೆರಳು ಹೋಗಿ ಬರುತ್ತದೆ. ಇನ್ನೊಮ್ಮೆ ಹೋಗಿ ಬರುತ್ತದೆ. ಸಿಂಕಿನ ನಲ್ಲಿ ಹರಿಯುತ್ತಲೇ ಇದೆ.

"ಗುರುದೇವಿಯವ್ರೇ, ಆ ನಲ್ಲಿ ನಿಲ್ಸಿ ಮೊದಲು. ನೀರಿನ ಕಂಪನಿಯವ್ರು ಬಿಲ್ ಕಳಿಸ್ತಾರೆ," ಎನ್ನುತ್ತಾರೆ ಕಾಮಾಕ್ಷಿ. ಆಮೇಲೆ ಅಧಿಕಾರಿಯ ಕಡೆ ಮುಖ ಮಾಡಿ ಇಂಗ್ಲಿಷಿನಲ್ಲಿ, "ನಿಮ್ಮ ಟಿವಿಯನ್ನ ವಾಪಸ್ ಕಳಿಸಿ. ಬೆಟ್ಟ ಬರ್ತಿದೆ," ಎನ್ನುತ್ತಾರೆ.

ಬಡಗಿ ಮಗ್ಗಿನಿಂದ ಶಟರ್ ಕುಟ್ಟುತ್ತಾನೆ. ರಾಮಪ್ರಸಾದ್ ಕನ್ನಡಕ ತೆಗೆದು ಒರೆಸುತ್ತ, ಪ್ಲಾಸ್ಟರ್ ಪುಡಿ, ಪ್ಲಾಸ್ಟರ್ ಪುಡಿ ಎಂದು ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಗುರುದೇವಿ ಕೈ ಒರೆಸಿಕೊಂಡು ಬಂದು ಮಿಸೆಸ್ ಚೆಬೆಟ್ ಪಕ್ಕದಲ್ಲಿ ನಿಲ್ಲುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಪೂರ್ತಿ ಬಾರದು. ಮಿಸೆಸ್ ಚೆಬೆಟ್ ಅವರ ಕೈಯನ್ನು ಹುಡುಕಿ ಹಿಡಿದು, ಅದರ ತೋರುಬೆರಳನ್ನು ತಮ್ಮ ಮನೆಯ ಜಾಗಕ್ಕೆ ಒಯ್ದು ಒತ್ತುತ್ತಾರೆ. ಬಂದು ಹೋಗು ಎಂದು ಕರೆದಂತೆ.

ವಾರ ಕಳೆದು, ಸಂಗ್ರಹಾಲಯದ ಕೋಣೆಯಲ್ಲಿ ಎಲ್ಗನ್ ತನ್ನ ಜಾಗದಲ್ಲಿ ಕೂತಿದೆ. ಕಣ್ಣು ಕಾಣುವವರೂ ಕಣ್ಣು ಮುಚ್ಚಿಕೊಂಡು ಹತ್ತುತ್ತಿದ್ದಾರೆ. ಶನಿವಾರದ ಗದ್ದಲದಲ್ಲಿ ಮಗಳು ಸಾನ್ವಿ ಯಾರೋ ಅಪರಿಚಿತ ಕುಟುಂಬಕ್ಕೆ, ಮೈ ಮಮ್ ಮೇಡ್ ದಟ್, ಎಂದು ಹೇಳುವುದು ಕೇಳಿಸಿ ವೀರಭದ್ರ ಸುಮ್ಮನೆ ಛಾವಣಿ ನೋಡುತ್ತಾರೆ. ಮೇಜಿನ ಬದಿಯಲ್ಲಿ ಗುರುದೇವಿಯವರ ಹೆಸರು ಬ್ರೈಲಿನಲ್ಲೂ ಅಚ್ಚಿನಲ್ಲೂ ಇದೆ. ಅದನ್ನು ಅವರು ಇನ್ನೂ ಸರಿಯಾಗಿ ನೋಡಿದಂತಿಲ್ಲ. ಅವರ ಗಮನವೆಲ್ಲ ಬೆಟ್ಟದ ಪೂರ್ವದ ಕಡೆ, ಮಕ್ಕಳ ಬೆರಳುಗಳು ಒಂದರ ಹಿಂದೆ ಒಂದು ಜಾರುತ್ತಿರುವಲ್ಲಿ.

ಇಷ್ಟು ಕೈ ಬಿದ್ದರೆ ನಾಲ್ಕೈದು ವರ್ಷದಲ್ಲಿ ಕಾಡು ನುಣುಪಾಗುತ್ತದೆ, ಆಗ ರಿಪೇರಿಗೆ ನಿಮ್ಮನ್ನೇ ಕರೆಯಬೇಕು ಎನ್ನುತ್ತಾರೆ ಅಧಿಕಾರಿ.

"ಕರೀರಿ, ಬರ್ತೀನಿ," ಎನ್ನುತ್ತಾರೆ ಗುರುದೇವಿ. "ಕಾಡ ತುಂಬತೀನಿ, ಬಿದಿರ ನಿಲ್ಲಸ್ತೀನಿ. ಆದ್ರ ಮಂದಿ ಬೆರಳಿಗೆ ಸವದು ಆ ನದಿ ಅಗಲ ಆಗಿದ್ರ, ಅದನ್ನ ಮಾತ್ರ ನಾ ತುಂಬಂಗಿಲ್ರಿ. ಹರೀಲಿ."